ವಿಷಯ ಸಿಕ್ಕಿತು, ವಿಧಾನ ಯಾವುದು? ಕಲಬುರಗಿ ಸೀಮೆಯ ಸ್ನಾತಕೋತ್ತರ ಕಿರುಪ್ರಬಂಧಕ್ಕೆ ಒಂದು ಕೈಪಿಡಿ

ಎಂ.ಎ., ಎಂ.ಎಸ್.ಡಬ್ಲ್ಯೂ., ಎಂ.ಕಾಂ., ಎಂ.ಇಡಿ. ಯಾವುದೇ ಇರಲಿ, ಕಿರುಪ್ರಬಂಧದ ವಿಧಾನದ ಅಧ್ಯಾಯ ತೆರೆದರೆ ಕಣ್ಣಿಗೆ ಬೀಳುವ ಸಾಲು ಒಂದೇ: ‘ಸರಳ ಯಾದೃಚ್ಛಿಕ ಮಾದರಿಯ ಮೂಲಕ 100 ಮಾಹಿತಿದಾರರನ್ನು ಆಯ್ಕೆ ಮಾಡಲಾಗಿದೆ.’ ಯಾದೃಚ್ಛಿಕ ಅಂದರೆ ಚೀಟಿ ಎತ್ತಿದ ಹಾಗೆ. ಚೀಟಿ ಎತ್ತಬೇಕಾದರೆ ಎಲ್ಲರ ಹೆಸರಿರುವ ಪಟ್ಟಿ ಬೇಕು. ಪಟ್ಟಿ ಎಲ್ಲಿ ಅಂತ ಕೇಳಿದರೆ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಹಾಸ್ಟೆಲಿನಲ್ಲಿ, ಊರ ಕಟ್ಟೆಯ ಮೇಲೆ ಸಿಕ್ಕವರನ್ನು ಕೇಳಿದ್ದು, ಅಷ್ಟೆ. ಆಮೇಲೆ ವಯಸ್ಸು, ಧರ್ಮ, ಜಾತಿ, ಆದಾಯದ ಶೇಕಡಾವಾರು ಕೋಷ್ಟಕಗಳು ಸಾಲಾಗಿ ಬರುತ್ತವೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ನೂರೇ ಯಾಕೆ?’ ಅಂದಾಗ ಉತ್ತರ ಇರುವುದಿಲ್ಲ.

ಸಿಕ್ಕವರನ್ನು ಕೇಳುವುದು ತಪ್ಪಲ್ಲ. ಅದಕ್ಕೆ ‘ಅನುಕೂಲ ಮಾದರಿ’ ಎಂಬ ಮರ್ಯಾದೆಯ ಹೆಸರೇ ಇದೆ. ಅದನ್ನು ಯಾದೃಚ್ಛಿಕ ಎಂದು ಬರೆಯುವುದು ಮಾತ್ರ ಸುಳ್ಳು.

ಮೊದಲು ಕೊನೆಯ ವಾಕ್ಯ ಬರೆಯಿರಿ

‘ಯಾದಗಿರಿ ಜಿಲ್ಲೆಯಲ್ಲಿ ಗುಳೆ ಮತ್ತು ಮಕ್ಕಳ ಶಿಕ್ಷಣ’ ಎಂಬುದು ವಿಷಯ. ವಿಷಯದಿಂದ ವಿಧಾನ ಹುಟ್ಟುವುದಿಲ್ಲ. ಫಲಿತಾಂಶದ ಅಧ್ಯಾಯದಲ್ಲಿ ನೀವು ಬರೆಯಬೇಕೆಂದಿರುವ ಒಂದು ವಾಕ್ಯವನ್ನು, ಅಂಕಿಯ ಜಾಗ ಖಾಲಿ ಬಿಟ್ಟು, ಈಗಲೇ ಬರೆದು ನೋಡಿ. ಅದೇ ವಿಷಯಕ್ಕೆ ಕನಿಷ್ಠ ನಾಲ್ಕು ವಾಕ್ಯ ಸಾಧ್ಯ.

‘ಸುರಪುರ ತಾಲ್ಲೂಕಿನ ಆಯ್ದ ಹಳ್ಳಿಗಳಲ್ಲಿ ಶೇ. __ ಮನೆಗಳಿಂದ ಒಬ್ಬರಾದರೂ ದುಡಿಯಲು ಊರು ಬಿಡುತ್ತಾರೆ.’ ಇದಕ್ಕೆ ಮನೆಗಳ ಪಟ್ಟಿ, ಮಾದರಿ, ಸರ್ವೆ ಬೇಕು.

‘ಗುಳೆ ಹೋಗುವ ಮನೆಯ ಮಕ್ಕಳ ಹಾಜರಿ ಉಳಿದವರಿಗಿಂತ __ ದಿನ ಕಡಿಮೆ.’ ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಶಾಲೆಯ ಹಾಜರಿ ಪುಸ್ತಕವೇ ಸಾಕು. ಮಗು ಎಷ್ಟು ದಿನ ತಪ್ಪಿಸಿತು ಅಂತ ತಂದೆಯನ್ನು ಕೇಳಿದರೆ ಸಿಗುವುದು ಅಂದಾಜು, ರಿಜಿಸ್ಟರಿನಲ್ಲಿ ಇರುವುದು ದಿನ. ಆ ರಿಜಿಸ್ಟರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಎರಡು ವಾರ ನೀವೇ ತರಗತಿಯಲ್ಲಿ ತಲೆ ಎಣಿಸಿ ತಾಳೆ ನೋಡಿ.

‘ಮಗುವನ್ನು ಅಜ್ಜಿಯ ಹತ್ತಿರ ಬಿಡಬೇಕೋ ಜೊತೆಗೆ ಒಯ್ಯಬೇಕೋ ಎಂಬುದನ್ನು ತಾಯಂದಿರು ಹೀಗೆ ತೀರ್ಮಾನಿಸುತ್ತಾರೆ.’ ಇದಕ್ಕೆ ಸಂದರ್ಶನ. ನೂರು ಪ್ರಶ್ನಾವಳಿ ತುಂಬಿಸಿದರೂ ಈ ವಾಕ್ಯ ಹೊರಬರುವುದಿಲ್ಲ.

‘ಹಾಸ್ಟೆಲ್ ತೆರೆದ ಮೇಲೆ ಹಾಜರಿ __ ಏರಿತು.’ ಇದಕ್ಕೆ ಹಾಸ್ಟೆಲ್ ಬರುವ ಮುಂಚಿನ ಅಂಕಿ, ಬಂದ ಮೇಲಿನ ಅಂಕಿ, ಜೊತೆಗೆ ಹಾಸ್ಟೆಲ್ ಇಲ್ಲದ ಪಕ್ಕದ ಊರಿನ ಅಂಕಿ, ಮೂರೂ ಬೇಕು. ಮೂರನೆಯದು ಇಲ್ಲದಿದ್ದರೆ ಆ ವರ್ಷ ಮಳೆ ಚೆನ್ನಾಗಿ ಬಂದು ಜನ ಊರಲ್ಲೇ ಉಳಿದದ್ದರ ಶ್ರೇಯ ಹಾಸ್ಟೆಲಿಗೆ ಹೋಗುತ್ತದೆ.

ವಾಕ್ಯ ಗೊತ್ತಾದ ಮೇಲೆ ಅದಕ್ಕೆ ಬೇಕಾದ ಕೋಷ್ಟಕವನ್ನು ಗೆರೆ ಎಳೆದು ಖಾಲಿಯಾಗಿ ಬರೆದಿಡಿ. ಪ್ರಶ್ನಾವಳಿಯ ಯಾವ ಪ್ರಶ್ನೆಗೆ ಈ ಕೋಷ್ಟಕಗಳಲ್ಲಿ ಜಾಗ ಇಲ್ಲವೋ ಆ ಪ್ರಶ್ನೆ ಹೊಡೆದುಹಾಕಿ. ಐವತ್ತು ಪ್ರಶ್ನೆ ಇಪ್ಪತ್ತೆರಡಕ್ಕೆ ಇಳಿಯುವುದು ಹೀಗೆ. ಇಪ್ಪತ್ತೆರಡು ಪ್ರಶ್ನೆಗೆ ಒಂದು ಮನೆಯಲ್ಲಿ ಅರ್ಧ ತಾಸು ಹಿಡಿಯುತ್ತದೆ, ದಿನಕ್ಕೆ ಎಂಟು ಮನೆ ಆದರೆ ದೊಡ್ಡದು.

ನೂರೇ ಯಾಕೆ?

ಪಟ್ಟಿಯಿಂದ ನಿಜವಾಗಿ ಚೀಟಿ ಎತ್ತಿದ 100 ಜನರಲ್ಲಿ ಅರ್ಧ ಜನ ‘ಹೌದು’ ಅಂದರೆ, ನಿಜ ಸಂಖ್ಯೆ ಅದರ ಆಚೀಚೆ ಶೇ. 9.8ರೊಳಗೆ ಇದೆ ಎಂದು 95 ಪಾಲು ಭರವಸೆಯಿಂದ ಹೇಳಬಹುದು. ಅಂದರೆ 40ರಿಂದ 60. ಶೇ. 5ಕ್ಕೆ ಇಳಿಸಬೇಕಾದರೆ ಸುಮಾರು 384 ಜನ ಬೇಕು. ಒಟ್ಟು ಸಂಖ್ಯೆ ಚಿಕ್ಕದಾಗಿದ್ದರೆ ಯಮಾನೆ ಸೂತ್ರ ಬಳಸುತ್ತಾರೆ: ಮಾದರಿ = ಒಟ್ಟು ÷ (1 + ಒಟ್ಟು × 0.05 × 0.05). ಒಟ್ಟು 600 ವಿದ್ಯಾರ್ಥಿಗಳಿದ್ದರೆ 600 ÷ 2.5, ಅಂದರೆ 240. ಒಟ್ಟು 200 ಇದ್ದರೆ 133. ಈ ಸೂತ್ರ ಪಟ್ಟಿ ಇದ್ದವರಿಗೆ, ಶೇಕಡಾ ಅಂದಾಜು ಮಾಡುವವರಿಗೆ ಮಾತ್ರ. ಸಂದರ್ಶನದ ಅಧ್ಯಯನದಲ್ಲಿ ಯಮಾನೆ ಹೆಸರು ಬಂದರೆ ಪರೀಕ್ಷಕರು ಅಲ್ಲೇ ಪೆನ್ನು ಇಡುತ್ತಾರೆ.

ಇನ್ನೊಂದು ಲೆಕ್ಕ ಬಹಳ ಜನ ಮರೆಯುತ್ತಾರೆ. ಐದು ಊರಿಂದ ಇಪ್ಪತ್ತಿಪ್ಪತ್ತು ಮನೆ ತೆಗೆದ ನೂರು, ಜಿಲ್ಲೆಯ ತುಂಬಾ ಹರಡಿದ ನೂರಕ್ಕೆ ಸಮ ಅಲ್ಲ. ಒಂದೇ ಊರಿನವರು ಒಂದೇ ಕಾಲುವೆ, ಒಂದೇ ಶಾಲೆ, ಒಂದೇ ಮೇಸ್ತ್ರಿಯನ್ನು ನಂಬಿದವರು, ಉತ್ತರವೂ ಹೋಲುತ್ತದೆ. ಆ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡರೂ, 1 + 19 × 0.05 = 1.95 (19 ಎಂದರೆ ಊರಿನ ಇಪ್ಪತ್ತು ಮನೆಯಲ್ಲಿ ಒಂದು ಕಳೆದದ್ದು). ನೂರನ್ನು ಅದರಿಂದ ಭಾಗಿಸಿ: ನಿಮ್ಮ ಕೈಯಲ್ಲಿರುವುದು 51 ಜನರ ತೂಕ. ಅದೇ ನೂರನ್ನು ಹತ್ತು ಊರಿಂದ ಹತ್ತತ್ತು ಮನೆಯಾಗಿ ತೆಗೆದರೆ 69ರ ತೂಕ. ಬಸ್ ಚಾರ್ಜ್ ಸ್ವಲ್ಪ ಹೆಚ್ಚು, ಕೆಲಸ ಅಷ್ಟೇ.

ಎರಡು ಗುಂಪು ಹೋಲಿಸುವವರಿಗೆ ಲೆಕ್ಕವೇ ಬೇರೆ. ಸರಾಸರಿಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ (ಅರ್ಧ ಮಾನಕ ವಿಚಲನೆ; ಮಾನಕ ವಿಚಲನೆ ಎಂದರೆ ಅಂಕಿಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಎಂಬ ಅಳತೆ) ಇದ್ದರೆ ಅದನ್ನು 80 ಪಾಲು ಖಾತ್ರಿಯಿಂದ ಹಿಡಿಯಲು ಗುಂಪಿಗೆ 64 ಜನ ಬೇಕು. ಶೇ. 50ಕ್ಕೂ ಶೇ. 65ಕ್ಕೂ ಇರುವ ವ್ಯತ್ಯಾಸ ಹಿಡಿಯಲು ಗುಂಪಿಗೆ ಸುಮಾರು 170. ಮೂವತ್ತು-ಮೂವತ್ತು ಜನ ಇಟ್ಟುಕೊಂಡು ‘ವ್ಯತ್ಯಾಸವಿಲ್ಲ’ ಎಂದು ಬರೆದವರು ವ್ಯತ್ಯಾಸ ಇಲ್ಲ ಎಂದು ತೋರಿಸಿದ್ದಲ್ಲ, ಕಾಣಲಿಲ್ಲ ಎಂದು ತೋರಿಸಿದ್ದು.

ಬೀದರಿನ ಬಿದರಿ ಕುಶಲಕರ್ಮಿಗಳಂಥ ಸಣ್ಣ ಸಮುದಾಯಕ್ಕೆ ಮಾದರಿಯ ಗೊಡವೆಯೇ ಬೇಡ. ಸಿಗುವ ಎಲ್ಲ ಕಾರ್ಯಾಗಾರಗಳಿಗೂ ಹೋಗಿ. ಅಲ್ಲಿ ಪ್ರಶ್ನಾವಳಿಗಿಂತ ಅವಲೋಕನದ ನಮೂನೆ ಹೆಚ್ಚು ಕೆಲಸಕ್ಕೆ ಬರುತ್ತದೆ: ಎರಕ, ಕೆತ್ತನೆ, ಬೆಳ್ಳಿ ಕೂರಿಸುವುದು, ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಕಪ್ಪಾಗಿಸುವುದು; ಪ್ರತಿ ಹಂತಕ್ಕೆ ಯಾರ ಕೈ, ಎಷ್ಟು ತಾಸು, ಕೂಲಿ ದಿನಕ್ಕೋ ತುಂಡಿಗೋ. ‘ಈ ಕಸುಬಿನಲ್ಲಿ ತೃಪ್ತಿ ಇದೆಯೇ?’ ಎಂಬ ಪ್ರಶ್ನೆಗೆ ಬರುವ ಉತ್ತರಕ್ಕಿಂತ ಇದು ಹತ್ತು ಪಟ್ಟು ಗಟ್ಟಿ.

ಪಟ್ಟಿ, ಬೀಗ, ಹಂಗಾಮು

ಹಳ್ಳಿಯ ಮಟ್ಟಕ್ಕೆ ಪಟ್ಟಿ ಮೂರು ಕಡೆ ಸಿಗುತ್ತದೆ: ಮತದಾರರ ಪಟ್ಟಿ, ಗ್ರಾಮ ಪಂಚಾಯತಿಯ ಮನೆ ತೆರಿಗೆಯ ಪಟ್ಟಿ, ಅಂಗನವಾಡಿಯ ಸಮೀಕ್ಷಾ ಪುಸ್ತಕ. ಮತದಾರರ ಪಟ್ಟಿಯಲ್ಲಿ ಹದಿನೆಂಟರ ಒಳಗಿನವರಿಲ್ಲ. ತೆರಿಗೆ ಪಟ್ಟಿಯಲ್ಲಿ ಇತ್ತೀಚಿನ ಗುಡಿಸಲು ಬಿಟ್ಟುಹೋಗಿರಬಹುದು. ಮಕ್ಕಳು, ಬಾಣಂತಿಯರ ವಿಷಯಕ್ಕೆ ಅಂಗನವಾಡಿ ಪುಸ್ತಕವೇ ಒಳ್ಳೆಯದು.

420 ಮನೆಯ ಊರಲ್ಲಿ 60 ಮನೆ ಬೇಕು ಅನ್ನಿ. 420 ÷ 60 = 7. ಒಂದರಿಂದ ಏಳರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. 4 ಬಂತು. ಪಟ್ಟಿಯಲ್ಲಿ 4, 11, 18, 25… ಹೀಗೆ ಗುರುತು ಹಾಕಿಕೊಂಡು ಹೋಗಿ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ. ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ, ಆಗಲೂ ಬೀಗವಿದ್ದರೆ ‘ಬೀಗ’ ಎಂದೇ ದಾಖಲಿಸಿ. ಗುಳೆಯ ಅಧ್ಯಯನದಲ್ಲಿ ಬೀಗವೇ ಮಾಹಿತಿ. ಬೀಗದ ಮನೆ ಬಿಟ್ಟು ಪಕ್ಕದ ಮನೆ ಕೇಳಿದವರು, ಗುಳೆ ಹೋದವರನ್ನೆಲ್ಲ ಕೈಬಿಟ್ಟು ಗುಳೆ ಕಡಿಮೆ ಎಂದು ಬರೆದಿರುತ್ತಾರೆ.

ಹಂಗಾಮಿನದೂ ಇದೇ ಕಥೆ. ತೊಗರಿ ರಾಶಿ ಡಿಸೆಂಬರ್-ಜನವರಿಗೆ ಮುಗಿದು, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ದಾಟಿದ ಮೇಲೆ ಬೆಂಗಳೂರು, ಮುಂಬಯಿ, ಪುಣೆಯ ಕಡೆ ಜನ ಹೊರಡುತ್ತಾರೆ. ಮುಂಗಾರಿನ ಹೊತ್ತಿಗೆ, ಕಾರಹುಣ್ಣಿಮೆಯ ಆಸುಪಾಸು, ತಿರುಗಿ ಬರುತ್ತಾರೆ. ನಿಮ್ಮ ಸೆಮಿಸ್ಟರ್ ಫೆಬ್ರವರಿ-ಮೇಗೆ ಬಿದ್ದರೆ ಊರಲ್ಲಿ ಸಿಗುವವರು ಮುದುಕರು, ಮಕ್ಕಳು. ಆಗ ಪ್ರಶ್ನೆಯನ್ನೇ ತಿರುಗಿಸಿ: ಹೋದವರ ಬದುಕಿನ ಬದಲು ಉಳಿದವರ ಬದುಕು. ತೊಗರಿ ಮಾರಾಟದ ಅಧ್ಯಯನಕ್ಕೆ ಇದೇ ಫೆಬ್ರವರಿ-ಮಾರ್ಚ್ ಚಿನ್ನದಂಥ ಕಾಲ, ರೇಟು ಇನ್ನೂ ಬಾಯಲ್ಲೇ ಇರುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಮುಂಜಾನೆ 10ರೊಳಗೆ, ಇಲ್ಲವೇ ಸಂಜೆ 5ರ ಮೇಲೆ ಮಾತ್ರ ಮನೆ ಬಾಗಿಲು ತಟ್ಟಿ.

ಪ್ರಶ್ನೆ ಕೇಳುವ ಭಾಷೆ

‘ನೀವು ಕಳೆದ ಹನ್ನೆರಡು ತಿಂಗಳಲ್ಲಿ ಉದ್ಯೋಗಕ್ಕಾಗಿ ವಲಸೆ ಹೋಗಿದ್ದೀರಾ?’ ಎಂದರೆ ಶಹಾಪುರದ ಕಡೆಯ ರೈತ ‘ಇಲ್ರೀ’ ಅನ್ನಬಹುದು. ವಲಸೆ ಪೇಪರಿನ ಮಾತು. ‘ಹೋದ ಎಳ್ಳಮಾಸಿಯಿಂದ ಈ ಎಳ್ಳಮಾಸಿ ತನಕ ಮನ್ಯಾಗಿಂದ ಯಾರರ ದುಡಿಲಾಕ ಊರು ಬಿಟ್ಟು ಹೋಗಿದ್ರೇನ್ರಿ?’ ಎಂದರೆ ಲೆಕ್ಕ ಹಾಕಿ ಹೇಳುತ್ತಾನೆ. ಹಬ್ಬದ ಗುರುತು ಇಟ್ಟರೆ ನೆನಪು ನಿಲ್ಲುತ್ತದೆ, ‘ಹನ್ನೆರಡು ತಿಂಗಳು’ ಎಲ್ಲಿಗೂ ಅಂಟುವುದಿಲ್ಲ.

‘ನಿಮ್ಮ ವಾರ್ಷಿಕ ಆದಾಯ ಎಷ್ಟು?’ ಎಂಬ ಪ್ರಶ್ನೆಯನ್ನು ಸುಟ್ಟುಹಾಕಬೇಕು. ಮಾಹಿತಿದಾರರಿಗೆ ಆದಾಯ ಪ್ರಮಾಣಪತ್ರ ನೆನಪಾಗುತ್ತದೆ, ರೇಷನ್ ಕಾರ್ಡ್ ನೆನಪಾಗುತ್ತದೆ, ಬರುವ ಅಂಕಿ ಆ ಕಾರ್ಡಿಗೆ ಹೊಂದುವ ಅಂಕಿಯೇ. ಅದರ ಬದಲು ತುಂಡು ಮಾಡಿ ಕೇಳಿ: ತೊಗರಿ ಎಷ್ಟು ಎಕರೆ ಎಷ್ಟು ಗುಂಟೆ? ಎಷ್ಟು ಚೀಲ ಆಯಿತು? ಒಂದು ಚೀಲ ಎಷ್ಟು ಕಿಲೋ? (ಕ್ವಿಂಟಲ್ ಎಂದು ನೀವೇ ಊಹಿಸಬೇಡಿ.) ಮನೆಗೆ ಎಷ್ಟು ಇಟ್ಟುಕೊಂಡಿರಿ? ಮಾರಿದ್ದು ಎಲ್ಲಿ, ಎಪಿಎಂಸಿಯಲ್ಲೋ, ಊರಿನ ವ್ಯಾಪಾರಿಗೋ, ಖರೀದಿ ಕೇಂದ್ರದಲ್ಲೋ? ಯಾವ ತಿಂಗಳು, ಕ್ವಿಂಟಲಿಗೆ ಏನು ರೇಟು? ನೆಟೆ ರೋಗ ಬಿದ್ದಿತ್ತೇ? ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕ) ಹೊಡೆದದ್ದು, ರಾಶಿ ಮಷಿನ್ನು, ಇವುಗಳಿಗೆ ಎಷ್ಟಾಯಿತು? ಗುಣಿಸಿ ಕಳೆಯುವುದು ನಿಮ್ಮ ಕೆಲಸ, ರೈತನದಲ್ಲ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಹಂಗಾಮಿಗೆ ಒಬ್ಬರು 11,000 ಎಂದರೆ ಚೀಲದ ಲೆಕ್ಕವನ್ನು ಇನ್ನೊಮ್ಮೆ ಕೇಳಿ.

ಐದು ಹಂತದ ಮಾಪಕ, ಅದೇ ‘ಸಂಪೂರ್ಣ ಸಮ್ಮತಿಸುತ್ತೇನೆ’ಯಿಂದ ‘ಸಂಪೂರ್ಣ ಅಸಮ್ಮತಿಸುತ್ತೇನೆ’ವರೆಗಿನದು, ಓದು ಬಾರದವರ ಮುಂದೆ ನಿಲ್ಲುವುದಿಲ್ಲ. ಎಲ್ಲದಕ್ಕೂ ‘ಹೌದ್ರಿ’ ಬರುತ್ತದೆ, ಮನೆಗೆ ಬಂದವರ ಮಾತು ತೆಗೆದುಹಾಕಬಾರದು ಎಂಬ ಸೌಜನ್ಯದಿಂದ. ಎರಡು ಮೆಟ್ಟಿಲು ಮಾಡಿ: ಮೊದಲು ‘ಹೌದೋ ಅಲ್ಲೋ’, ಆಮೇಲೆ ‘ಸ್ವಲ್ಪೋ ಭಾಳೋ’. ಹತ್ತು ಹೇಳಿಕೆಗಳಿದ್ದರೆ ನಾಲ್ಕನ್ನು ಉಲ್ಟಾ ಅರ್ಥದಲ್ಲಿ ಇಡಿ. ಉಲ್ಟಾ ಹೇಳಿಕೆಗೂ ‘ಹೌದ್ರಿ’ ಬಂದರೆ ಗೊತ್ತಾಗುತ್ತದೆ. ಮೊದಲು 20–30 ಜನರ ಮೇಲೆ ಪ್ರಯೋಗ ಮಾಡಿ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ನೋಡಿ, 0.70ರ ಕೆಳಗಿದ್ದರೆ ಯಾವ ಹೇಳಿಕೆ ಉಳಿದವುಗಳ ಜೊತೆ ಸೇರುತ್ತಿಲ್ಲ ಎಂದು ಹುಡುಕಿ. ಲೆಕ್ಕಕ್ಕೆ ಮುನ್ನ ಉಲ್ಟಾ ಹೇಳಿಕೆಯ ಅಂಕ ತಿರುಗಿಸಲು ಮರೆತವರಿಗೆ ಆಲ್ಫಾ ಪಾತಾಳಕ್ಕೆ ಇಳಿದಿರುತ್ತದೆ. ಜಮೋವಿ ಎಂಬ ಉಚಿತ ತಂತ್ರಾಂಶ ಇದಕ್ಕೆಲ್ಲ ಸಾಕು, ಕದ್ದ ಎಸ್‌ಪಿಎಸ್‌ಎಸ್ ಬೇಡ.

ಬೀದರಿನಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಸಿಗುತ್ತವೆ, ತಾಂಡಾಗಳಲ್ಲಿ ಲಂಬಾಣಿ. ಪ್ರಶ್ನಾವಳಿಯನ್ನು ಒಬ್ಬರಿಂದ ಅನುವಾದ ಮಾಡಿಸಿ, ಮೂಲ ನೋಡದ ಇನ್ನೊಬ್ಬರಿಂದ ತಿರುಗಿ ಕನ್ನಡಕ್ಕೆ ತರಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಓದಿ. ದುಭಾಷಿಯಾಗಿ ಪಂಚಾಯತಿ ಸದಸ್ಯರನ್ನು ಕರೆದೊಯ್ಯಬೇಡಿ. ಅವರ ಮುಂದೆ ಪಂಚಾಯತಿಯ ದೂರು ಯಾರೂ ಹೇಳುವುದಿಲ್ಲ.

ಸಂದರ್ಶನ ಸುಲಭ ಅಂದುಕೊಂಡವರಿಗೆ

ಕಡಿಮೆ ಜನ ಸಾಕು ಎಂಬ ಕಾರಣಕ್ಕೆ ಗುಣಾತ್ಮಕ ವಿಧಾನ ಹಿಡಿಯುವವರಿದ್ದಾರೆ. ಲೆಕ್ಕ ನೋಡಿ. 15 ಸಂದರ್ಶನ, ತಲಾ 45 ನಿಮಿಷ: ಹನ್ನೊಂದೂಕಾಲು ತಾಸಿನ ಧ್ವನಿ. ಒಂದು ತಾಸಿನ ಧ್ವನಿ ಬರಹಕ್ಕಿಳಿಯಲು ಐದು ತಾಸು ಹಿಡಿದರೂ 56 ತಾಸು. ಮಾತು ದಖನಿಯಲ್ಲಿದ್ದು ಬರಹ ಕನ್ನಡಕ್ಕಾದರೆ ಇನ್ನೂ ಹೆಚ್ಚು. ಹದಿನಾರು ವಾರದ ಸೆಮಿಸ್ಟರಿನಲ್ಲಿ ಇದು ನಾಲ್ಕು ವಾರದ ಕೆಲಸ.

ಎಷ್ಟು ಸಂದರ್ಶನ? ಗೆಸ್ಟ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಒಂದೇ ಬಗೆಯ ಜನರಲ್ಲಿ ಮೊದಲ ಹನ್ನೆರಡರ ಹೊತ್ತಿಗೆ ಮುಖ್ಯ ವಿಚಾರಗಳೆಲ್ಲ ಬಂದಿರುತ್ತವೆ. ‘ಒಂದೇ ಬಗೆಯ’ ಎಂಬುದು ಮುಖ್ಯ. ಜಮೀನಿರುವ ಹೆಂಗಸರು, ಇಲ್ಲದವರು ಎಂದು ಎರಡು ಬಗೆ ಇದ್ದರೆ ಹನ್ನೆರಡು ಎರಡು ಸಲ. ಪ್ರತಿ ಸಂದರ್ಶನ ಮುಗಿದ ರಾತ್ರಿಯೇ ಹೊಸದಾಗಿ ಬಂದ ವಿಚಾರಗಳನ್ನು ಒಂದು ಸಾಲಿನಲ್ಲಿ ಬರೆದಿಡಿ. ಸತತ ಮೂರು ಸಂದರ್ಶನದಲ್ಲಿ ಹೊಸದೇನೂ ಬರದಿದ್ದರೆ ನಿಲ್ಲಿಸಬಹುದು, ಆ ಟಿಪ್ಪಣಿಯೇ ವೈವಾದಲ್ಲಿ ನಿಮ್ಮ ಸಾಕ್ಷಿ.

ಸೊಸೆಯ ಸಂದರ್ಶನ ಅತ್ತೆಯ ಮುಂದೆ ಆದರೆ ಅದು ಅತ್ತೆಯ ಸಂದರ್ಶನ. ಮಧ್ಯಾಹ್ನದ ಊಟದ ಮೇಲೆ, ನೀರಿನ ಟ್ಯಾಂಕಿನ ಹತ್ತಿರ, ಇಲ್ಲವೇ ಸ್ವಸಹಾಯ ಸಂಘದ ಸಭೆ ಮುಗಿದ ಬಳಿಕ ಕೇಳಿ. ಬರಹಕ್ಕಿಳಿಸುವಾಗ ‘ರೊಕ್ಕ’ವನ್ನು ‘ಹಣ’ ಎಂದೂ, ‘ಏನ್ ಮಾಡ್ಲಾಕ ಬರ್ತದ’ ಎಂಬುದನ್ನು ‘ಅಸಹಾಯಕತೆ ವ್ಯಕ್ತಪಡಿಸಿದರು’ ಎಂದೂ ತಿದ್ದಬೇಡಿ. ಆಡಿದ ಮಾತೇ ನಿಮ್ಮ ದತ್ತಾಂಶ, ವ್ಯಾಖ್ಯಾನ ಬೇರೆ ಕಾಲಂನಲ್ಲಿ ಇರಲಿ.

ಸಮೀಕ್ಷೆ, ಸಂದರ್ಶನ ಎರಡನ್ನೂ ಸೇರಿಸುವ ಮಿಶ್ರ ವಿಧಾನ ಈಗ ಫ್ಯಾಷನ್. ಒಂದು ಸೆಮಿಸ್ಟರಿಗೆ ಅದು ಭಾರ. ಮಾಡಲೇಬೇಕೆಂದರೆ ಮೊದಲು ಸಣ್ಣ ಸರ್ವೆ, ಅದರಲ್ಲಿ ಲೆಕ್ಕ ತಪ್ಪಿಸಿ ನಿಂತ ಏಳೆಂಟು ಮನೆಗಳಿಗೆ ಮಾತ್ರ ಸಂದರ್ಶನ.

ಕುಳಿತಲ್ಲೇ ಮಾಡುವ ಅಧ್ಯಯನ, ಅದರ ಗುಂಡಿಗಳು

ಸರಕಾರಿ ಅಂಕಿಅಂಶದ ಮೇಲೆ ಕೆಲಸ ಮಾಡುವುದನ್ನು ಕೀಳೆಂದು ನೋಡುವವರಿದ್ದಾರೆ. ಕೆಟ್ಟ ಸರ್ವೆಗಿಂತ ಅದು ಎಷ್ಟೋ ಮೇಲು. ಈ ಸೀಮೆಯಲ್ಲಿ ಮಾತ್ರ ಗಡಿಗಳು ಕಾಲಿಗೆ ತೊಡರುತ್ತವೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. 2001ರ ಜನಗಣತಿಯಲ್ಲಿ ಅದು ಗುಲಬರ್ಗಾ ಜಿಲ್ಲೆಯೊಳಗೇ ಇದೆ. ಹೋಲಿಸಬೇಕಾದರೆ 2001ರ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಎತ್ತಿ ಕೂಡಿಸಬೇಕು. ಕಮಲಾಪುರ, ಕಾಳಗಿ, ಯಡ್ರಾಮಿ, ಹುಣಸಗಿ, ವಡಗೇರಾ, ಗುರುಮಠಕಲ್, ಹುಲಸೂರ, ಚಿಟಗುಪ್ಪ ಇವೆಲ್ಲ 2011ರ ಗಣತಿಯಲ್ಲಿ ತಾಲ್ಲೂಕಾಗಿ ಇಲ್ಲವೇ ಇಲ್ಲ, ಹಳ್ಳಿವಾರು ಪಟ್ಟಿಯಿಂದ ನೀವೇ ಕಟ್ಟಬೇಕು.

ಕೂಡಿಸುವಾಗ ಶೇಕಡಾಗಳನ್ನು ಸರಾಸರಿ ಮಾಡಬೇಡಿ. 2011ರಲ್ಲಿ ಸಾಕ್ಷರತೆ ಕಲಬುರಗಿಯಲ್ಲಿ ಶೇ. 64.85, ಯಾದಗಿರಿಯಲ್ಲಿ ಶೇ. 51.83. ಎರಡರ ಸರಾಸರಿ 58.3 ಬರುತ್ತದೆ. ಕಲಬುರಗಿಯ ಜನಸಂಖ್ಯೆ ಯಾದಗಿರಿಯ ಎರಡು ಪಟ್ಟಿಗೂ ಹೆಚ್ಚು ಇರುವುದರಿಂದ ನಿಜ ಉತ್ತರ 61ರ ಆಸುಪಾಸು. ಸಾಕ್ಷರರ ಸಂಖ್ಯೆ ಕೂಡಿಸಿ, ಏಳು ವರ್ಷ ಮೇಲ್ಪಟ್ಟವರ ಸಂಖ್ಯೆಯಿಂದ ಭಾಗಿಸಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಜಿಲ್ಲಾ ಅಂಕಿಅಂಶ ಪತ್ರಿಕೆಯಲ್ಲಿ (ಫ್ಯಾಕ್ಟ್‌ಶೀಟ್) ಆವರಣ ಚಿಹ್ನೆಯೊಳಗಿರುವ ಅಂಕಿ 25ರಿಂದ 49 ಜನರ ಮೇಲೆ ನಿಂತದ್ದು, ನಕ್ಷತ್ರ ಇದ್ದಲ್ಲಿ 25ಕ್ಕೂ ಕಡಿಮೆ. ಅಂಥ ಅಂಕಿಯ ಮೇಲೆ ಒಂದು ಅಧ್ಯಾಯ ಕಟ್ಟುವುದು ಬೇಡ. ತಾಲ್ಲೂಕು ಮಟ್ಟದ ಅಂಕಿ ಅದರಲ್ಲಿ ಇಲ್ಲ.

ಇತಿಹಾಸದವರಿಗೆ ಒಂದೆರಡು ಮಾತು. 1948ರ ಸೆಪ್ಟೆಂಬರ್ 17ರ ಮುಂಚಿನ, ಅಂದರೆ ನಿಜಾಮರ ಆಳ್ವಿಕೆಯ ಕಾಲದ, ಸರಕಾರಿ ಕಾಗದ ಬಹುಪಾಲು ಉರ್ದುವಿನಲ್ಲಿ, ಅದಕ್ಕೂ ಹಿಂದಿನದು ಫಾರಸಿಯಲ್ಲಿ; ದೊಡ್ಡ ಸಂಗ್ರಹ ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿದೆ. ಓದಲು ಬಾರದಿದ್ದರೆ ವಿಷಯ ಇಟ್ಟುಕೊಳ್ಳುವ ಮುಂಚೆಯೇ ಓದಿಕೊಡುವವರನ್ನು ಹುಡುಕಿ. ದಿನಾಂಕ ಫಸ್ಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ, ಇರುತ್ತದೆ: ಫಸ್ಲಿ 1357 ಎಂದರೆ 1947-48, ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ. ಸುಮ್ಮನೆ 590 ಕೂಡಿಸಿದರೆ ಮುಂದಿನ ಜನವರಿಯಿಂದ ಅಕ್ಟೋಬರ್ ತನಕದ ಎಲ್ಲ ಕಾಗದವೂ ಒಂದು ವರ್ಷ ಹಿಂದೆ ಸರಿಯುತ್ತದೆ.

ಎಂ.ಇಡಿ.ಯವರ ಪ್ರಯೋಗ

ಪೂರ್ವಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಬಂದ ಮೂವತ್ತು ಮಕ್ಕಳನ್ನು ಆರಿಸಿ, ಆರು ವಾರ ಪರಿಹಾರ ಬೋಧನೆ ಮಾಡಿ, ಮತ್ತೆ ಪರೀಕ್ಷೆ ಇಟ್ಟರೆ ಅಂಕ ಏರಿಯೇ ಏರುತ್ತದೆ, ಬೋಧನೆ ಮಾಡದಿದ್ದರೂ ಸ್ವಲ್ಪ ಏರುತ್ತಿತ್ತು. ಆ ದಿನ ಜ್ವರ ಬಂದವರು, ಪೆನ್ನು ಮರೆತವರು ಎಲ್ಲ ಆ ಮೂವತ್ತರಲ್ಲಿದ್ದಾರೆ. ಹೀಗಾಗಿ ಅದೇ ಬಗೆಯ ಇನ್ನೊಂದು ಗುಂಪು ಬೋಧನೆಯಿಲ್ಲದೆ ಪಕ್ಕದಲ್ಲಿ ಇರಲೇಬೇಕು. ಎ ವಿಭಾಗಕ್ಕೆ ಪ್ರಯೋಗ, ಬಿ ವಿಭಾಗಕ್ಕೆ ಇಲ್ಲ ಎಂದರೆ, ವಿಭಾಗ ಮಾಡಿದ್ದು ಅಂಕದ ಮೇಲೆಯೇ ಎಂದು ಹೆಡ್‌ಮಾಸ್ತರರನ್ನು ಮೊದಲು ಕೇಳಿ. ಬಿ ವಿಭಾಗದವರಿಗೆ ಅಧ್ಯಯನ ಮುಗಿದ ಮೇಲೆ ಅದೇ ಪಾಠ ಮಾಡಿಕೊಡಿ.

ಶಾಲೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅಥವಾ ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು), ಅಂಗನವಾಡಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಂಚಾಯತಿ ದಾಖಲೆಗೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ): ಅನುಮತಿ ಪತ್ರಕ್ಕೆ ಮೂರು ವಾರ ಮೊದಲೇ ಅರ್ಜಿ ಕೊಡಿ. ಮಕ್ಕಳಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಹೆಬ್ಬೆಟ್ಟು ಹಾಕುವವರಿಗೆ ಒಪ್ಪಿಗೆ ಪತ್ರ ಓದಿ ಹೇಳಿ, ಓದಿದ್ದಕ್ಕೆ ಬೇರೆಯವರ ಸಾಕ್ಷಿ ಸಹಿ ಇರಲಿ.

ವಿಶ್ಲೇಷಣೆಗೆ ಕೂರುವ ಮುಂಚೆ

ಕೈವರ್ಗ ಪರೀಕ್ಷೆಯ (ಚೈ-ಸ್ಕ್ವೇರ್, ಎರಡು ಸಂಗತಿಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವುದು) ಗೀಳು ನಮ್ಮಲ್ಲಿ ಜಾಸ್ತಿ. ಏಳು ವಯೋಗುಂಪು, ಐದು ಅಭಿಪ್ರಾಯ ಎಂದರೆ ಕೋಷ್ಟಕದಲ್ಲಿ 35 ಮನೆ (ಚೌಕ). ನೂರು ಜನರನ್ನು ಹಂಚಿದರೆ ಮನೆಗೆ ಮೂರೂ ಬರುವುದಿಲ್ಲ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿರುವ ಮನೆಗಳು ಒಟ್ಟಿನ ಐದನೇ ಒಂದು ಭಾಗ ಮೀರಿದರೆ ಆ ಪರೀಕ್ಷೆಯ ಉತ್ತರ ನಂಬಲು ಬರುವುದಿಲ್ಲ. ವಯಸ್ಸನ್ನು ಎರಡು-ಮೂರು ಗುಂಪಿಗೆ, ಅಭಿಪ್ರಾಯವನ್ನು ಎರಡಕ್ಕೆ ಇಳಿಸಿ. ಈ ಇಳಿಕೆ ಖಾಲಿ ಕೋಷ್ಟಕ ಬರೆದ ದಿನವೇ ಆಗಬೇಕು. ಉತ್ತರ ನೋಡಿದ ಮೇಲೆ ಪಿ ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಚಂದ ಕಾಣುವ ಹಾಗೆ ಗುಂಪು ಮಾಡುವುದು ಮೋಸ.

ವಿಧಾನದ ಅಧ್ಯಾಯದಲ್ಲಿ ಪ್ರಾಥಮಿಕ, ದ್ವಿತೀಯ ಮೂಲಗಳ ವ್ಯಾಖ್ಯೆ ಬರೆದು ಪುಟ ತುಂಬಿಸಬೇಡಿ. ಬರೆಯಬೇಕಾದ್ದು: ಪಟ್ಟಿ ಯಾವುದು, ಯಾವ ತಿಂಗಳ ಪಟ್ಟಿ, ಎಷ್ಟು ಮನೆ ಎತ್ತಿದ್ದು, ಎಷ್ಟು ಬೀಗ, ಎಷ್ಟು ಜನ ಒಲ್ಲೆ ಎಂದದ್ದು, ಯಾವ ಭಾಷೆಯಲ್ಲಿ ಕೇಳಿದ್ದು, ಪ್ರಾಯೋಗಿಕ ಸುತ್ತಿನ ಮೇಲೆ ಯಾವ ಪ್ರಶ್ನೆ ಬದಲಾಯಿತು. ಎಲ್ಲವನ್ನೂ ಯುನಿಕೋಡಿನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಸಂದರ್ಶನದಲ್ಲಿ ‘ಗುಳೆ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೂ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಆಗಲೇ ಟೈಪ್ ಆಗಿದ್ದರೆ ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ.